ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತು ಆಡಿ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದರು. ಆ ವಿಷಯವನ್ನು ಈ ವೇದಿಕೆಯಲ್ಲಿ ನನಗಿಂತ ತಿಳಿದವರು ಪ್ರತಿ ವರ್ಷ ಮಾತನಾಡುತ್ತಲೇ ಬಂದಿದ್ದಾರೆ. ಆದ್ದರಿಂದ ನಾನು ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ವಿದ್ಯೆಯ ಮಾತು ತಾನಾಗಿ ಬರುತ್ತದೆ.

ನಾನು ಪ್ರೌಢಶಾಲೆಯಲ್ಲಿ ಉರ್ದು, ಕನ್ನಡ ಎರಡನ್ನೂ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಂದ ವಾರಕ್ಕೊಮ್ಮೆ ದಿನಪತ್ರಿಕೆ ಓದಿಸುವುದು ನನ್ನ ಪದ್ಧತಿ. ಒಂದು ದಿನ ಒಬ್ಬ ಹುಡುಗ ‘ಶಂಕಿತ ಉಗ್ರನ ಬಂಧನ’ ಎಂಬ ತಲೆಬರಹ ಓದಿ ನಿಂತುಬಿಟ್ಟ. ‘ಸರ್, ಶಂಕಿತ ಉಗ್ರ ಅಂದ್ರೆ ಅವನು ಉಗ್ರನೋ, ಅಲ್ಲವೋ?’ ಎಂದು ಕೇಳಿದ. ಇಡೀ ತರಗತಿ ನನ್ನ ಮುಖ ನೋಡಿತು. ಕೆಲವು ಮಕ್ಕಳ ಕಣ್ಣಿನಲ್ಲಿ ವ್ಯಾಕರಣದ ಕುತೂಹಲಕ್ಕಿಂತ ಬೇರೆ ಏನೋ ಇತ್ತು. ನೀವೂ ಆ ವಯಸ್ಸಿನವರು. ಅದು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬೋರ್ಡಿನ ಮೇಲೆ ಮೂರು ಪದ ಬರೆದೆ: ಶಂಕಿತ, ಆರೋಪಿ, ಅಪರಾಧಿ. ಪೊಲೀಸರಿಗೆ ಯಾರ ಮೇಲೆ ಸಂಶಯ ಬಂತೋ ಅವನು ಶಂಕಿತ. ಆ ಸಂಶಯವನ್ನು ಕಾಗದದ ಮೇಲೆ ಬರೆದು ನ್ಯಾಯಾಲಯದ ಮುಂದೆ ಇಟ್ಟಾಗ ಅವನು ಆರೋಪಿ. ಎರಡೂ ಕಡೆಯ ಮಾತು ಕೇಳಿ ನ್ಯಾಯಾಲಯ ತೀರ್ಪು ಕೊಟ್ಟ ಮೇಲಷ್ಟೇ ಅವನು ಅಪರಾಧಿ ಅಥವಾ ನಿರಪರಾಧಿ. ಈ ಪದಗಳ ನಡುವೆ ಒಂದು ಸೇತುವೆ ಇದೆ. ಅದರ ಹೆಸರು ‘ಸಾಬೀತು’. ಈ ಪದ ಅರಬಿಯ ‘ಸಾಬಿತ್’ನಿಂದ ಬಂದದ್ದು. ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ. ‘ಜಾಮೀನು’, ‘ವಕೀಲ’ ಎಂಬ ಪದಗಳೂ ಹಾಗೆಯೇ ಬಂದು ನಮ್ಮ ಎರಡೂ ಭಾಷೆಗಳಲ್ಲಿ ನೆಲೆಸಿವೆ. ಸೇತುವೆ ದಾಟದೆ ಒಬ್ಬನನ್ನು ಈ ದಡದಿಂದ ಆ ದಡಕ್ಕೆ ಎಸೆದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ಹೇಳುತ್ತೇನೆ. ಒಂದು ಲಂಡನ್ನಿನದು. ಇನ್ನೊಂದು ಆಸ್ಟ್ರೇಲಿಯಾದ್ದು, ಆದರೆ ಅದರ ಬೇರು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ.

2005ರ ಜುಲೈ 7ರ ಬೆಳಿಗ್ಗೆ ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ನಾಲ್ವರು ಆತ್ಮಾಹುತಿ ಬಾಂಬರ್‌ಗಳು ಸ್ಫೋಟ ನಡೆಸಿದರು. 52 ಮಂದಿ ಅಮಾಯಕರು ಸತ್ತರು. 700ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಎರಡು ವಾರ ಕಳೆದು ಜುಲೈ 21ರಂದು ಮತ್ತೆ ಮೂರು ರೈಲು, ಒಂದು ಬಸ್ಸಿನಲ್ಲಿ ಅದೇ ಪ್ರಯತ್ನ ನಡೆಯಿತು. ಆ ದಿನ ಬಾಂಬುಗಳು ಪೂರ್ತಿಯಾಗಿ ಸಿಡಿಯಲಿಲ್ಲ. ಯಾರೂ ಸಾಯಲಿಲ್ಲ. ಆದರೆ ಬಾಂಬು ತಂದವರು ಜನರ ನಡುವೆ ನುಗ್ಗಿ ಪರಾರಿಯಾದರು.

ಆ ರಾತ್ರಿ ಲಂಡನ್ ಪೊಲೀಸರ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಸಾಯಲು ಸಿದ್ಧರಾದ ನಾಲ್ವರು ಊರಿನಲ್ಲಿ ಎಲ್ಲೋ ಅಡಗಿದ್ದಾರೆ. ನಾಳೆ ಬೆಳಿಗ್ಗೆ ಮತ್ತೆ ಲಕ್ಷಾಂತರ ಜನ ರೈಲು ಹತ್ತುತ್ತಾರೆ. ಪೊಲೀಸರಿಗೆ ನಿದ್ದೆಯಿಲ್ಲ, ಸಮಯವಿಲ್ಲ. ಇದನ್ನು ಮರೆತು ನಾವು ತೀರ್ಪು ಕೊಡಬಾರದು. ಸಿಡಿಯದ ಬಾಂಬಿನ ಚೀಲವೊಂದರಲ್ಲಿ ವ್ಯಾಯಾಮ ಶಾಲೆಯ ಸದಸ್ಯತ್ವದ ಕಾರ್ಡು ಸಿಕ್ಕಿತು. ಅದರ ಜಾಡು ಹಿಡಿದು ದಕ್ಷಿಣ ಲಂಡನ್ನಿನ ಟಲ್ಸ್ ಹಿಲ್ ಎಂಬಲ್ಲಿಯ ಒಂದು ವಸತಿ ಕಟ್ಟಡದ ಮುಂದೆ ಮಫ್ತಿಯಲ್ಲಿ ಪೊಲೀಸರು ಕಾದು ಕುಳಿತರು. ಕಟ್ಟಡದಲ್ಲಿ ಹಲವು ಮನೆಗಳಿದ್ದವು, ಹೊರಬರುವ ಬಾಗಿಲು ಒಂದೇ.

ಜುಲೈ 22ರ ಬೆಳಿಗ್ಗೆ ಆ ಬಾಗಿಲಿನಿಂದ ಒಬ್ಬ ಯುವಕ ಹೊರಬಂದ. ಹೆಸರು ಜೀನ್ ಚಾರ್ಲ್ಸ್ ಡಿ ಮೆನೆಜೆಸ್. ವಯಸ್ಸು 27. ಬ್ರೆಜಿಲ್ ದೇಶದವನು, ಎಲೆಕ್ಟ್ರಿಷಿಯನ್ ಕೆಲಸ. ಬಾಂಬಿಗೂ ಅವನಿಗೂ ಸಂಬಂಧವಿಲ್ಲ, ಆ ಕಟ್ಟಡದ ಬೇರೊಂದು ಮನೆಯಲ್ಲಿ ಅವನ ವಾಸ. ಕಾವಲಿದ್ದ ಅಧಿಕಾರಿ ಆ ಕ್ಷಣ ಮೂತ್ರ ವಿಸರ್ಜನೆಗೆ ಹೋಗಿದ್ದರಿಂದ ಕ್ಯಾಮೆರಾದಲ್ಲಿ ಅವನ ಮುಖ ಹಿಡಿಯಲಾಗಲಿಲ್ಲ. ಇವನೇ ಅವನಿರಬಹುದು ಎಂಬ ಸಂಶಯದ ಮೇಲೆಯೇ ಹಿಂಬಾಲಿಸಿದರು. ಅವನು ಬಸ್ಸು ಹತ್ತಿದ. ಒಂದು ಕಡೆ ರೈಲು ನಿಲ್ದಾಣ ಮುಚ್ಚಿದ್ದರಿಂದ ಇಳಿದು ಮತ್ತೆ ಬಸ್ಸು ಹತ್ತಿದ. ಇದೂ ಸಂಶಯಕ್ಕೆ ಇಂಬು ಕೊಟ್ಟಿತು. ಸಂಶಯದ ಕನ್ನಡಕ ಹಾಕಿಕೊಂಡ ಮೇಲೆ ಬಸ್ಸು ಇಳಿದು ಹತ್ತುವುದೂ ಉಪಾಯದಂತೆ ಕಾಣುತ್ತದೆ. ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಅವನು ಎಲ್ಲರಂತೆ ಕಾರ್ಡು ತೋರಿಸಿ ಒಳಗೆ ಹೋದ, ಉಚಿತ ಪತ್ರಿಕೆಯೊಂದನ್ನು ಎತ್ತಿಕೊಂಡ, ರೈಲು ಬಂದದ್ದು ಕಂಡು ಕೊನೆಯಲ್ಲಿ ಸ್ವಲ್ಪ ಓಡಿದ. ಒಳಗೆ ಕುಳಿತ. ಹಿಂದೆಯೇ ಬಂದ ಶಸ್ತ್ರಧಾರಿ ಪೊಲೀಸರು ಅವನನ್ನು ಹಿಡಿದು ಗುಂಡು ಹಾರಿಸಿದರು. ತಲೆಗೆ ಏಳು, ಭುಜಕ್ಕೆ ಒಂದು.

ಇನ್ನು ಮುಂದೆ ಜನ ಏನು ಹೇಳಿದರು ಎಂಬುದನ್ನು ಗಮನವಿಟ್ಟು ಕೇಳಿ. ನನ್ನ ಮಾತಿನ ತಿರುಳು ಅಲ್ಲಿದೆ.

ಮೊದಲ ದಿನ ಪ್ರತ್ಯಕ್ಷದರ್ಶಿಗಳು ಮಾತನಾಡಿದರು. ಬೇಸಿಗೆಯಲ್ಲೂ ದಪ್ಪ ಕೋಟು ಹಾಕಿದ್ದ ಎಂದರು. ತಂತಿಗಳು ಕಾಣುತ್ತಿದ್ದವು ಎಂದರು. ಟಿಕೆಟ್ ಗೇಟು ಹಾರಿ ಓಡಿದ ಎಂದರು. ಪತ್ರಿಕೆಗಳು, ಟಿವಿಗಳು ಇದನ್ನೇ ಸಾರಿದವು. ಪೊಲೀಸ್ ಆಯುಕ್ತ ಸರ್ ಇಯಾನ್ ಬ್ಲೇರ್ ಅವರು ಈ ಗುಂಡಿನ ಪ್ರಕರಣಕ್ಕೂ ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆಗೂ ನೇರ ಸಂಬಂಧವಿದೆ ಎಂದರು. ಪೊಲೀಸರು ಇನ್ನೇನು ತಾನೇ ಮಾಡಬೇಕಿತ್ತು ಎಂದು ಬಹಳ ಜನ ಕೇಳಿದರು. ಹೆದರಿದ ಊರಿನಲ್ಲಿ ಆ ಮಾತು ಸಹಜ.

ಮರುದಿನವೇ ಪೊಲೀಸರು ಸತ್ತವನಿಗೂ ಬಾಂಬಿಗೂ ಸಂಬಂಧವಿಲ್ಲವೆಂದು ಒಪ್ಪಿಕೊಂಡರು. ಆದರೆ ಕೋಟು, ತಂತಿ, ಗೇಟು ಹಾರಿದ ಕಥೆ ಹಾಗೇ ಉಳಿಯಿತು. ತಪ್ಪು ಅವನದೂ ಇತ್ತು ಎಂದು ಜನ ನಂಬಿಕೊಂಡೇ ಇದ್ದರು. ಆಗಸ್ಟ್ 16ರಂದು ತನಿಖೆಯ ಕಾಗದಪತ್ರಗಳು ಒಂದು ಟಿವಿ ವಾಹಿನಿಯ ಮೂಲಕ ಹೊರಬಂದ ಮೇಲಷ್ಟೇ ಸತ್ಯ ಗೊತ್ತಾಯಿತು. ಅವನು ಹಾಕಿದ್ದು ತೆಳುವಾದ ಡೆನಿಮ್ ಜಾಕೆಟ್. ಚೀಲವಿರಲಿಲ್ಲ, ತಂತಿಯಿರಲಿಲ್ಲ. ಗೇಟನ್ನೂ ಹಾರಿರಲಿಲ್ಲ. ಜನ ಕಂಡದ್ದು ಬಹುಶಃ ಬೆನ್ನಟ್ಟಿ ಓಡುತ್ತಿದ್ದ ಪೊಲೀಸರನ್ನು!

ಆ ಪ್ರತ್ಯಕ್ಷದರ್ಶಿಗಳು ಸುಳ್ಳುಗಾರರಲ್ಲ. ಅವರು ಹೆದರಿದವರು. ಭಯದಲ್ಲಿ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ. ನಮ್ಮ ಕನ್ನಡದ ಗಾದೆ ಇದನ್ನು ಎಷ್ಟೋ ಕಾಲದ ಹಿಂದೆಯೇ ಹೇಳಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಮೆನೆಜೆಸ್‌ನ ಮನೆಯವರು ಬ್ರೆಜಿಲ್ಲಿನ ಗೊಂಜಾಗಾ ಎಂಬ ಚಿಕ್ಕ ಊರಿನವರು. ದೊಡ್ಡ ಹಣವಂತರಲ್ಲ. ಲಂಡನ್ನಿನಲ್ಲಿದ್ದ ಅವನ ಸೋದರ ಸಂಬಂಧಿಗಳು ಒಂದು ಹೋರಾಟ ಕಟ್ಟಿದರು. ಅವನನ್ನು ಎಂದೂ ನೋಡಿರದ ಲಂಡನ್ನಿಗರು ಸ್ಟಾಕ್‌ವೆಲ್ ನಿಲ್ದಾಣದ ಮುಂದೆ ಹೂವಿಟ್ಟರು, ಅವರ ಜೊತೆ ನಿಂತರು. 2007ರ ನವೆಂಬರ್ 1ರಂದು ನ್ಯಾಯಾಲಯವು ಲಂಡನ್ ಪೊಲೀಸ್ ಇಲಾಖೆಯನ್ನು ತಪ್ಪಿತಸ್ಥ ಎಂದು ತೀರ್ಮಾನಿಸಿತು. ಕೊಲೆಯ ಕಾಯಿದೆಯಡಿ ಅಲ್ಲ, ಸಾರ್ವಜನಿಕರ ಸುರಕ್ಷತೆ ಕಾಪಾಡದೆ 1974ರ ಆರೋಗ್ಯ ಮತ್ತು ಸುರಕ್ಷತಾ ಕಾಯಿದೆಯನ್ನು ಉಲ್ಲಂಘಿಸಿದ್ದಕ್ಕೆ. ದಂಡ 1,75,000 ಪೌಂಡ್, ಖರ್ಚು 3,85,000 ಪೌಂಡ್. 2008ರ ಡಿಸೆಂಬರಿನಲ್ಲಿ ಸಾವಿನ ವಿಚಾರಣೆಯ ಜ್ಯೂರಿ, ಗುಂಡು ಹಾರಿಸುವ ಮೊದಲು ಎಚ್ಚರಿಕೆ ಕೂಗಿದೆವು ಎಂಬ ಪೊಲೀಸರ ಮಾತನ್ನು ಒಪ್ಪಲಿಲ್ಲ. ಆದರೂ ಒಬ್ಬ ಅಧಿಕಾರಿಯ ಮೇಲೂ ವೈಯಕ್ತಿಕವಾಗಿ ಮೊಕದ್ದಮೆ ನಡೆಯಲಿಲ್ಲ. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಕುಟುಂಬದ ಪರವಾಗಿ ತೀರ್ಪು ಕೊಡಲಿಲ್ಲ. ಆದರೆ ಕೋಟು ಹಾಕಿ ಗೇಟು ಹಾರಿದವನು ಎಂಬ ಅಪವಾದ ಹೋಯಿತು. ಸತ್ತವನ ಮಾನ ಉಳಿಯಿತು.

ಇನ್ನೊಂದು ಸಂಗತಿ. ಪೊಲೀಸರು ನಿಜವಾಗಿ ಹುಡುಕುತ್ತಿದ್ದ ಆ ನಾಲ್ವರೂ ಜುಲೈ 29ರೊಳಗೆ ಜೀವಂತವಾಗಿ ಸಿಕ್ಕಿಬಿದ್ದರು. ಒಬ್ಬ ರೋಮ್ ನಗರದಲ್ಲಿ ಸಿಕ್ಕ. ವಿಚಾರಣೆ ನಡೆಯಿತು, ವಕೀಲರು ವಾದಿಸಿದರು, 2007ರಲ್ಲಿ ಕನಿಷ್ಠ 40 ವರ್ಷದ ಜೀವಾವಧಿ ಶಿಕ್ಷೆಯಾಯಿತು. ಬಾಂಬು ಹೊತ್ತವರಿಗೆ ನ್ಯಾಯಾಲಯ ಸಿಕ್ಕಿತು. ಪತ್ರಿಕೆ ಹಿಡಿದು ಕೆಲಸಕ್ಕೆ ಹೊರಟವನಿಗೆ ಸಿಗಲಿಲ್ಲ. ಸಾಬೀತಿನ ಸೇತುವೆ ಇರುವುದು ಅಪರಾಧಿಯನ್ನು ಬಚಾವು ಮಾಡುವುದಕ್ಕೆ ಎಂದು ಕೆಲವರು ತಿಳಿದಿದ್ದಾರೆ. ಅದು ಇಲ್ಲದಿದ್ದರೆ ಮೊದಲು ಬೀಳುವವನು ನಿರಪರಾಧಿ.

ಈಗ ನಮ್ಮ ಮನೆಗೆ ಹತ್ತಿರದ ಕಥೆಗೆ ಬರೋಣ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಇಬ್ಬರು ಬೆಂಕಿ ಹೊತ್ತಿದ ಜೀಪು ನುಗ್ಗಿಸಿದರು. ಅದರ ಹಿಂದಿನ ದಿನ ಲಂಡನ್ನಿನಲ್ಲಿ ಎರಡು ಕಾರುಗಳಲ್ಲಿ ಬಾಂಬು ಸಿಕ್ಕಿತ್ತು. ಜೀಪು ನುಗ್ಗಿಸಿದವರಲ್ಲಿ ಒಬ್ಬ ಇರಾಕಿ ಮೂಲದ ವೈದ್ಯ. ಇನ್ನೊಬ್ಬ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್. ಕಫೀಲ್ ಸುಟ್ಟಗಾಯಗಳಿಂದ ಆಗಸ್ಟ್ 2ರಂದು ಸತ್ತ.

ತನಿಖೆಯ ಬಲೆ ದೇಶ ದೇಶಗಳಿಗೆ ಹರಡಿತು. ಜುಲೈ 2ರ ರಾತ್ರಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಡಾ. ಮೊಹಮ್ಮದ್ ಹನೀಫ್ ಅವರನ್ನು ಬಂಧಿಸಿದರು. ಅವರು ಮೂಡಿಗೆರೆಯವರು, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದವರು, ಅಲ್ಲಿಯ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರು. ಅವರಿಗೂ ಆಗ 27 ವರ್ಷ. ಕಫೀಲ್ ಮತ್ತು ಅವನ ತಮ್ಮ ಇವರಿಗೆ ದೂರದ ಸಂಬಂಧಿಗಳು. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲ್ ಸಿಮ್ಮನ್ನು ಆ ತಮ್ಮನಿಗೆ ಕೊಟ್ಟುಬಂದಿದ್ದರು. ಈಗ ಒಂದು ಕಡೆಯ ಟಿಕೆಟ್ ಹಿಡಿದು ಬೆಂಗಳೂರಿಗೆ ಹೊರಟಿದ್ದರು. ಸಿಮ್ಮು, ಸಂಬಂಧ, ಒಂದು ಕಡೆಯ ಟಿಕೆಟ್: ಮೂರೂ ಸೇರಿ ಸಂಶಯ ಗಟ್ಟಿಯಾಯಿತು. ವಿಚಾರಿಸುವುದು ಪೊಲೀಸರ ಕರ್ತವ್ಯ. ಅದನ್ನು ಯಾರೂ ತಪ್ಪೆನ್ನಲಾರರು. ತಪ್ಪಾದದ್ದು ಆಮೇಲೆ.

ಪ್ರಶ್ನೆ ಕೇಳಲು ಅಲ್ಲಿಯ ಕಾನೂನು ಕೊಡುವ ಸಮಯ ಗರಿಷ್ಠ 24 ಗಂಟೆ. ಆದರೆ ಕಾಗದ ಪರಿಶೀಲನೆಯ, ವಿದೇಶದ ಮಾಹಿತಿಗಾಗಿ ಕಾಯುವ ಸಮಯವನ್ನು ಲೆಕ್ಕದಿಂದ ಕಳೆಯಲು ಅವಕಾಶವಿತ್ತು. ಹಾಗೆ ಕಳೆದು ಕಳೆದು 24 ಗಂಟೆ 12 ದಿನವಾಯಿತು. ಜುಲೈ 14ರಂದು, ಭಯೋತ್ಪಾದಕ ಸಂಘಟನೆಗೆ ಹಿಂದುಮುಂದು ನೋಡದೆ ನೆರವು ಕೊಟ್ಟರೆಂದು ಆರೋಪ ಹೊರಿಸಿದರು. ಆ ಸಿಮ್ ಗ್ಲಾಸ್ಗೋದ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ಒಂದು ಕಡೆಯ ಟಿಕೆಟಿಗೆ ಅವರು ಕಾರಣ ಹೇಳಲಿಲ್ಲ ಎಂದು ಪೊಲೀಸರ ಪ್ರಮಾಣಪತ್ರದಲ್ಲಿತ್ತು. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಅವರು 10,000 ಡಾಲರ್ ಜಾಮೀನಿನ ಮೇಲೆ ಬಿಡುಗಡೆಗೆ ಆದೇಶಿಸಿದರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ನಡತೆಯ ಕಾರಣ ಹೇಳಿ ಅವರ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕೂ ಹೊರಗೆ ಬರುವ ದಾರಿ ಮುಚ್ಚಿತು.

ಆಗ ನಾನು ಪದವಿ ಕಾಲೇಜಿಗೆ ಆಗತಾನೆ ಸೇರಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ನಮ್ಮ ಭಾಯಿಜಾನ್ ಕೆಲಸಕ್ಕೆಂದು ಸೌದಿಗೆ ಹೋಗುವಾಗ ತಮ್ಮ ಸಿಮ್ಮನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಹೋಗಿದ್ದರು. ಅದರಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು, ಹಾಳಾಗುವುದೇಕೆ ಎಂದು. ನಮ್ಮಂಥ ಮನೆಗಳಲ್ಲಿ ಹಾಗೆ ಕೊಡದವರು ಯಾರು? ಟಿವಿಯಲ್ಲಿ ಸುದ್ದಿ ನೋಡಿದ ಅಮ್ಮಿ ರಾತ್ರಿ ಹತ್ತು ಗಂಟೆಗೆ ಭಾಯಿಜಾನ್‌ಗೆ ಫೋನ್ ಮಾಡಿಸಿ ಆ ನಂಬರನ್ನು ನಾಳೆಯೇ ಬಂದ್ ಮಾಡಿಸು ಎಂದು ಅತ್ತರು. ಅಬ್ಬಾ ಏನೂ ಮಾತನಾಡಲಿಲ್ಲ. ‘ಬಸ್ಸಿನಲ್ಲಿ ಈ ವಿಷಯ ಯಾರೊಂದಿಗೂ ಮಾತಾಡಬೇಡ’ ಎಂದಷ್ಟೇ ಬೆಳಿಗ್ಗೆ ನನಗೆ ಹೇಳಿದರು.

ಬಸ್ಸಿನಲ್ಲಿ ನಾನು ಮಾತನಾಡಲಿಲ್ಲ. ಬೇರೆಯವರು ಮಾತನಾಡಿದರು. ‘ಡಾಕ್ಟರ್ ಓದಿಯೂ ಇವರ ಬುದ್ಧಿ ಇಷ್ಟೇ’ ಎಂದು ಮುಂದಿನ ಸೀಟಿನಲ್ಲಿ ಒಬ್ಬರು ಪತ್ರಿಕೆ ಮಡಚಿದರು. ಸಂಜೆ ನಮ್ಮ ಮೊಹಲ್ಲಾದ ಚಹಾ ಅಂಗಡಿಯಲ್ಲಿ ಇನ್ನೊಂದು ಮಾತು. ‘ಎಲ್ಲಾ ನಾಟಕ. ಗ್ಲಾಸ್ಗೋದಲ್ಲಿ ಏನೂ ನಡೆದೇ ಇಲ್ಲ. ನಮ್ಮ ಹುಡುಗರನ್ನು ಸಿಕ್ಕಿಸಲು ಮಾಡಿದ್ದು.’ ಬೆಳಿಗ್ಗೆಯ ಮಾತು ಕೇಳಿ ನನಗೆ ಅಳು ಬಂದಿತ್ತು. ಸಂಜೆಯ ಮಾತು ಕೇಳಿ ಸಮಾಧಾನವಾಯಿತು. ಆ ಸಮಾಧಾನ ತಪ್ಪೆಂದು ನನಗೆ ತಿಳಿದದ್ದು ನಮ್ಮ ಕನ್ನಡ ಮೇಷ್ಟ್ರಿಂದ. ಅವರು ತರಗತಿಗೆ ಪತ್ರಿಕೆ ತಂದು, ‘ಇದರಲ್ಲಿ ಗೊತ್ತಿರುವ ಸಂಗತಿ ಯಾವುದು, ಯಾರೋ ಹೇಳಿದ್ದು ಯಾವುದು, ಊಹೆ ಯಾವುದು, ಗೆರೆ ಹಾಕಿ’ ಎಂದರು. ನಾವು ಗೆರೆ ಹಾಕಿದೆವು. ಗೊತ್ತಿರುವ ಸಂಗತಿ ನಾಲ್ಕು ಸಾಲು ಮಾತ್ರ. ಆಮೇಲೆ ಅವರು ಬೋರ್ಡಿನ ಮೇಲೆ ಆ ಗಾದೆ ಬರೆದು ಹೇಳಿದರು: ‘ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕು. ನೀವು ಕಾಣದ್ದನ್ನು ಕಂಡ ಹಾಗೆ ಹೇಳುತ್ತಿದ್ದೀರಿ. ಎರಡೂ ಕಡೆಯವರು.’ ಎರಡೂ ಕಡೆಯವರು ಎಂದಾಗ ಅವರು ನನ್ನತ್ತ ನೋಡಲಿಲ್ಲ. ಅದು ಅವರ ದೊಡ್ಡತನ.

ಆ ಗೆರೆ ಹಾಕುವ ಕೆಲಸವನ್ನೇ ಆಸ್ಟ್ರೇಲಿಯಾದಲ್ಲಿ ಕೆಲವರು ಮಾಡುತ್ತಿದ್ದರು. ಹನೀಫ್ ಪರ ವಕೀಲರಾದ ಪೀಟರ್ ರುಸ್ಸೋ ಮತ್ತು ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಇಬ್ಬರೂ ಅವರಿಗೆ ಮೊದಲು ಪರಿಚಯದವರಲ್ಲ. ತಮ್ಮ ಕಕ್ಷಿದಾರನ ವಿರುದ್ಧ ಅರ್ಧಂಬರ್ಧ ಮಾಹಿತಿ ಹೊರಗೆ ಹರಿಯುತ್ತಿರುವುದನ್ನು ಕಂಡು ಕೀಮ್ ಅವರು 142 ಪುಟಗಳ ಪೊಲೀಸ್ ವಿಚಾರಣೆಯ ದಾಖಲೆಯನ್ನೇ ಪತ್ರಕರ್ತ ಹೆಡ್ಲಿ ಥಾಮಸ್ ಅವರಿಗೆ ಕೊಟ್ಟರು. ಜುಲೈ 18ರಂದು ಅದು ಪ್ರಕಟವಾಯಿತು. ಟಿಕೆಟಿಗೆ ಕಾರಣ ಅದರಲ್ಲೇ ಇತ್ತು: ಕೆಲವೇ ದಿನಗಳ ಹಿಂದೆ ಬೆಂಗಳೂರಿನಲ್ಲಿ ಪತ್ನಿಗೆ ಹೆಣ್ಣು ಮಗುವಾಗಿತ್ತು, ಟಿಕೆಟ್ ತೆಗೆಸಿದವರು ಮಾವ. ಕೀಮ್ ಮಾಡಿದ್ದನ್ನು ಪ್ರಧಾನಿ ಜಾನ್ ಹೊವಾರ್ಡ್ ಟೀಕಿಸಿದರು. ಕೀಮ್ ಮೇಲೆ ದೂರೂ ಹೋಯಿತು. ಅವರು ಅಂಜಲಿಲ್ಲ, ಕೊಟ್ಟವನು ನಾನೇ ಎಂದು ಬಹಿರಂಗವಾಗಿ ಹೇಳಿದರು. ಎರಡು ದಿನ ಕಳೆದು, ಆ ಸಿಮ್ ಜೀಪಿನಲ್ಲಿ ಸಿಕ್ಕಿದ್ದಲ್ಲ, ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ ಕಫೀಲನ ತಮ್ಮನ ಬಳಿ ಸಿಕ್ಕಿದ್ದೆಂದು ಅಲ್ಲಿಯ ರೇಡಿಯೋ, ಟಿವಿ ಸಂಸ್ಥೆ ಎಬಿಸಿ ವರದಿ ಮಾಡಿತು.

ಜನ ಕೇಳಲು ಶುರು ಮಾಡಿದರು. ಬ್ರಿಸ್ಬೇನಿನ ಬೀದಿಗಳಲ್ಲಿ ಮೆರವಣಿಗೆ ನಡೆಯಿತು. ವಕೀಲರ ಸಂಘಟನೆಗಳು ದನಿಯೆತ್ತಿದವು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆಡಳಿತದ ಮುಖ್ಯಸ್ಥ ಪೀಟರ್ ಬೀಟಿ ಅವರೇ ಪ್ರಕರಣ ನಿಭಾಯಿಸಿದ ರೀತಿಯನ್ನು ಲೇವಡಿ ಮಾಡಿದರು. ಜುಲೈ 27ರಂದು ಸರ್ಕಾರಿ ಅಭಿಯೋಜಕರು ಆರೋಪ ಹಿಂತೆಗೆದುಕೊಂಡರು. 29ರ ರಾತ್ರಿ ಹನೀಫ್ ಬೆಂಗಳೂರಿಗೆ ಬಂದು ಮಗಳ ಮುಖ ನೋಡಿದರು. ವೀಸಾ ರದ್ದತಿಯನ್ನು ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಆಮೇಲೆ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವಿಚಾರಣೆ ನಡೆಯಿತು. 2008ರ ಡಿಸೆಂಬರಿನಲ್ಲಿ ಹೊರಬಂದ ವರದಿ, ಆರೋಪಕ್ಕೆ ಬೇಕಾದ ಸಾಕ್ಷ್ಯ ಇರಲೇ ಇಲ್ಲ ಎಂದಿತು. ಹನೀಫ್ ವಿರುದ್ಧ ತನ್ನಲ್ಲಿ ಮಾಹಿತಿಯಿಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆ ಆರೋಪ ಹೊರಿಸುವ ಮೊದಲೇ ತಿಳಿಸಿದ್ದೂ ಬೆಳಕಿಗೆ ಬಂತು. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. ಅದೇ ವರ್ಷ ಕಾನೂನನ್ನೂ ತಿದ್ದಿ, ಲೆಕ್ಕದಿಂದ ಕಳೆಯುವ ಸಮಯಕ್ಕೆ ಏಳು ದಿನಗಳ ಮಿತಿ ಹಾಕಿದರು. ಅವರಿಗೆ ಪೂರ್ತಿ ನ್ಯಾಯ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಅವರ ಬದುಕಿನ ಆ ದಿನಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಆದರೆ ಸಂಶಯ ಮತ್ತು ಸಾಬೀತಿನ ನಡುವಿನ ಸೇತುವೆಯನ್ನು ಅಲ್ಲಿಯ ಜನ ಕಾದರು.

ಇವೆರಡು ಘಟನೆಗಳಿಂದ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿದ ಮೂರು ಮಾತನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ಕಹಿ ಮಾತು. ಕೇಳಿ ಬೇಸರಿಸಬೇಡಿ. ಗ್ಲಾಸ್ಗೋ ನಾಟಕವಲ್ಲ. ಅದು ನಡೆದದ್ದು ನಿಜ. ಅದನ್ನು ಮಾಡಿದವರಲ್ಲಿ ಒಬ್ಬ ಎಂಜಿನಿಯರ್, ಒಬ್ಬ ವೈದ್ಯ. ಓದಿಲ್ಲದ್ದೇ ನಮ್ಮ ಎಲ್ಲ ಕಷ್ಟಗಳಿಗೆ ಕಾರಣ, ಓದಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಈ ವೇದಿಕೆಯಿಂದ ಹೇಳುತ್ತ ಬಂದಿದ್ದೇವೆ. ಹನೀಫ್ ಅವರ ಕೈಯಲ್ಲೂ ಪದವಿ ಇತ್ತು, ಕಫೀಲನ ಕೈಯಲ್ಲೂ ಇತ್ತು. ಒಂದು ಪದವಿ ರೋಗಿಗಳ ಸೇವೆಗೆ ಹೋಯಿತು, ಇನ್ನೊಂದು ಬೆಂಕಿಗೆ ಹೋಯಿತು. ಅಂಕಪಟ್ಟಿ ಕೊಡುವುದು ಶಾಲೆಯ ಅರ್ಧ ಕೆಲಸ. ಕಿವಿಗೆ ಬಿದ್ದ ಮಾತನ್ನು, ಅದು ನಮ್ಮವರದೇ ಆಗಿದ್ದರೂ, ಪ್ರಮಾಣಿಸಿ ನೋಡುವ ಬುದ್ಧಿ ಕೊಡುವುದು ಉಳಿದರ್ಧ. ದ್ವೇಷ ಹಚ್ಚಲು ಬರುವವನೂ ಒಂದು ಕಥೆ ತಂದಿರುತ್ತಾನೆ. ಅದನ್ನೂ ಕೇಳಿ: ಸಬೂತ್ ಎಲ್ಲಿ?

ಎರಡನೆಯದು. ಮೆನೆಜೆಸ್ ಮುಸ್ಲಿಮನಲ್ಲ. ಆದರೂ ಅವನನ್ನು ನಾನು ಈ ಸಭೆಗೆ ಕರೆತಂದೆ. ಕೀಮ್, ರುಸ್ಸೋ, ಥಾಮಸ್ ಮುಸ್ಲಿಮರಲ್ಲ. ಆದರೂ ಮೂಡಿಗೆರೆಯ ಹುಡುಗನಿಗಾಗಿ ತಮ್ಮ ಹೆಸರನ್ನು ಪಣಕ್ಕಿಟ್ಟರು. ಅವರು ನಮ್ಮವನೇ ಎಂದು ಕೇಳಲಿಲ್ಲ, ಸಾಕ್ಷ್ಯ ಎಲ್ಲಿ ಎಂದು ಕೇಳಿದರು. ನಾಳೆ ನಿಮ್ಮ ಊರಿನಲ್ಲಿ ಒಬ್ಬ ಬಡ ಕೂಲಿಕಾರನನ್ನು ಕಳ್ಳತನದ ಸಂಶಯದ ಮೇಲೆ ಕಂಬಕ್ಕೆ ಕಟ್ಟಿದಾಗ, ಮಕ್ಕಳ ಕಳ್ಳ ಎಂದು ಗಾಳಿಮಾತು ಕೇಳಿ ಅಲೆಮಾರಿಯೊಬ್ಬನನ್ನು ಜನ ಸುತ್ತುವರಿದಾಗ, ಅವನು ಯಾವ ಜಾತಿ, ಯಾವ ಧರ್ಮ ಎಂದು ನೋಡದೆ ನೀವು ಆ ಪ್ರಶ್ನೆ ಕೇಳುತ್ತೀರಾ? ನಮಗಾದಾಗ ಮಾತ್ರ ನ್ಯಾಯ ನೆನಪಾಗುವುದಾದರೆ ಅದು ನ್ಯಾಯದ ಮೇಲಿನ ಪ್ರೀತಿಯಲ್ಲ.

ಮೂರನೆಯದು, ಭಯಪಟ್ಟು ಸುಮ್ಮನಿರಬೇಡಿ, ಕೋಪಗೊಂಡು ಕೂಗಾಡಲೂ ಬೇಡಿ. ಕಾನೂನು ತಿಳಿದುಕೊಳ್ಳಿ. ನಮ್ಮ ಸಂವಿಧಾನದ 22ನೇ ವಿಧಿ ಏನು ಹೇಳುತ್ತದೆ ಎಂದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಬಂಧಿಸಿದವರಿಗೆ ಕಾರಣ ತಿಳಿಸಬೇಕು. ತಮ್ಮ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು. ಮುಂಜಾಗ್ರತಾ ಬಂಧನದ ಕಾನೂನುಗಳನ್ನು ಬಿಟ್ಟರೆ, ಪ್ರಯಾಣದ ಸಮಯ ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರ ಶುಲ್ಕ ಕೊಡಲಾಗದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಕೊಡಲು 1987ರ ಕಾಯಿದೆಯಿದೆ. ಜಿಲ್ಲೆಗೊಂದು ಕಾನೂನು ಸೇವೆಗಳ ಪ್ರಾಧಿಕಾರವಿದೆ. ಡಾಕ್ಟರ್, ಎಂಜಿನಿಯರ್ ಆಗಬೇಕೆಂದು ಹೇಳುವ ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಒಬ್ಬರು ವಕೀಲರಾಗಲಿ, ಒಬ್ಬರು ಪತ್ರಕರ್ತರಾಗಲಿ. ಪೊಲೀಸ್ ಇಲಾಖೆಗೂ ಸೇರಲಿ. ಕಾವಲು ಕಾಯುವವರ ಕಷ್ಟ ಒಳಗಿನಿಂದ ತಿಳಿದವರು, ಸಂಶಯಕ್ಕೆ ಒಳಗಾದ ಮನೆಯ ರಾತ್ರಿ ಹೇಗಿರುತ್ತದೆಂದು ತಿಳಿದವರು ಅಲ್ಲಿಯೂ ಬೇಕು.

ಕೊನೆಗೆ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ‘ಶಂಕಿತ ಉಗ್ರ ಅಂದ್ರೆ ಅವನು ಉಗ್ರನೋ, ಅಲ್ಲವೋ?’ ನಾನು ಅವನಿಗೆ ಹೇಳಿದೆ: ‘ಗೊತ್ತಿಲ್ಲ ಮಗಾ. ಪತ್ರಿಕೆಗೂ ಗೊತ್ತಿಲ್ಲ. ಅದಕ್ಕೇ ಶಂಕಿತ ಎಂದು ಬರೆದಿದ್ದಾರೆ. ಆ ಪದವನ್ನು ನುಂಗದೆ ಜೋರಾಗಿ ಓದು.’ ಅವನು ಮತ್ತೆ ಓದಿದ, ಆ ಮೊದಲ ಪದದ ಮೇಲೆ ನಿಂತು, ಸ್ಪಷ್ಟವಾಗಿ.

ಈ ಬರಹ ಓದುವ ನೀವೂ ನಾಳೆ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಹಾಗೆಯೇ ಓದಿ. ಪೆನ್ಸಿಲ್ ಹಿಡಿದು ಗೊತ್ತಿರುವ ಸಾಲಿಗೆ ಗೆರೆ ಹಾಕಿ. ಉಳಿದದ್ದು ಸಾಬೀತಾಗುವವರೆಗೆ ಕಾಯಿರಿ. ಆ ಮನುಷ್ಯ ನಿಮ್ಮವನಾಗಿದ್ದರೂ ಸರಿ, ಅಲ್ಲದಿದ್ದರೂ ಸರಿ.